ಬೆನ್ನ ಹಿಂದೆ ನಿಂತು ಹಾಕಿಸಿದ ವೋಟು

ನಾವು ಬಸ್ ಹತ್ತಿದರೆ ಊರಿನವರು ಕಿಟಕಿ ತೆರೆಯುತ್ತಾರೆ. ಜನವರಿಯ ಚಳಿಯಲ್ಲೂ ತೆರೆಯುತ್ತಾರೆ. ಮೂಗು ಮುಚ್ಚಿಕೊಳ್ಳುವುದಿಲ್ಲ, ಅಷ್ಟು ಸಭ್ಯರು. ಸುಮ್ಮನೆ ಹೊರಗೆ ಸಮುದ್ರ ನೋಡುತ್ತಾರೆ, ಇವತ್ತೇ ಮೊದಲ ಸಲ ಸಮುದ್ರ ಕಂಡವರ ಹಾಗೆ.

ನಾವು ಅಂದರೆ ಸಿಲ್ಲರಾನ್ನದ ಮೀನು ಫ್ಯಾಕ್ಟರಿಯ ಹೆಂಗಸರು. ಎಸ್ಟೋನಿಯಾದ ಈ ಕರಾವಳಿಯಲ್ಲಿ ಕಿಲು ಅಂತ ಬೆರಳುದ್ದದ ಮೀನು ಸಿಗುತ್ತದೆ. ಅದರ ತಲೆ ಚಿವುಟಬೇಕು, ಕರುಳು ಎಳೆಯಬೇಕು, ತಟ್ಟೆಯಲ್ಲಿ ಜೋಡಿಸಬೇಕು. ಮೀನು ಹೊತ್ತ ಯಂತ್ರದ ಪಟ್ಟಿ ಓಡುತ್ತಲೇ ಇರುತ್ತದೆ. ಅದಕ್ಕೆ ಉಚ್ಚೆ ಬರುವುದಿಲ್ಲ, ನಮಗೆ ಬರುತ್ತದೆ. ಬಂದರೆ ಕೈ ಎತ್ತಬೇಕು. ಶಿಫ್ಟಿನ ಮ್ಯಾನೇಜರ್ ತಾರ್ವೊ ಗಡಿಯಾರ ನೋಡಿ ತಲೆಯಾಡಿಸಬೇಕು. ಐವತ್ತು ದಾಟಿದ ಹೆಂಗಸರು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕೈ ಎತ್ತಿಕೊಂಡು ನಿಲ್ಲುತ್ತೇವೆ. ಮಂಜುನೀರಲ್ಲಿ ಬೆರಳು ಮರಗಟ್ಟುತ್ತದೆ. ಒದ್ದೆ ನೆಲದ ಮೇಲೆ ಮೊಣಕಾಲು ಸೋಲುತ್ತದೆ. ನನ್ನ ಹೆಸರು ಏವಿ. ಈ ಸಾಲಿನಲ್ಲಿ ನಿಂತು ನನ್ನ ಕೂದಲು ನೆರೆಯಿತು.

ವಾಸನೆ ಸೋಪಿಗೆ ಹೋಗುವುದಿಲ್ಲ. ನಿಂಬೆಹಣ್ಣಿಗೂ ಹೋಗುವುದಿಲ್ಲ. ಅದು ಹೋಗುವುದು ಒಂದೇ ಕಡೆ, ಬಂದರಿನ ಪಕ್ಕದ ಸೌನಾದಲ್ಲಿ. ಪುರಸಭೆಯ ಹಳೇ ಬಿಸಿಹಬೆ ಮನೆ ಅದು. ಕಾದ ಕಲ್ಲಿಗೆ ನೀರು ಚೆಲ್ಲಿ, ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಡಿದುಕೊಂಡು ಬೆವರಿದರೆ ಮೀನು ಮೈಯಿಂದ ಇಳಿದು ಮೋರಿ ಸೇರುತ್ತದೆ. ಶನಿವಾರ ಸಂಜೆ ಅಲ್ಲಿಂದ ಹೊರಬಿದ್ದಾಗ ನಾವು ಮನುಷ್ಯರ ವಾಸನೆಯವರು. ಸೋಮವಾರ ಬೆಳಗಿನ ತನಕ.

ಆ ಸೌನಾವನ್ನು ಫ್ಯಾಕ್ಟರಿ ಮಾಲೀಕನಿಗೆ ಮಾರುತ್ತಾರೆ ಅಂತ ಬೇಸಿಗೆಯಲ್ಲಿ ಸುದ್ದಿ ಹಬ್ಬಿತು. ಅವನಿಗೆ ಅಲ್ಲಿ ಮೀನು ಇಡುವ ಶೀತಲಗೃಹ ಬೇಕಂತೆ. ನಾವು ಮೈ ಕಾಯಿಸುವ ಜಾಗದಲ್ಲಿ ಮೀನು ತಣ್ಣಗಾಗಬೇಕಂತೆ. ಮಾರಬೇಕೋ ಬೇಡವೋ ಅಂತ ತೀರ್ಮಾನಿಸುವುದು ಪುರಸಭೆ. ಪುರಸಭೆಗೆ ಅಕ್ಟೋಬರಿನಲ್ಲಿ ಚುನಾವಣೆ.

ಮಾಲೀಕ ರಾಜಧಾನಿಯಲ್ಲಿ ಕೂತು ನಮ್ಮ ತಾರ್ವೊನನ್ನೇ ನಿಲ್ಲಿಸಿದ. ಪೋಸ್ಟರಿನಲ್ಲಿ ತಾರ್ವೊ ಬಿಳಿ ಕೋಟು ಹಾಕಿ ನಗುತ್ತಿದ್ದ. ಕೆಳಗೆ ‘ದುಡಿಯುವವರ ದನಿ’ ಅಂತ ಬರೆದಿತ್ತು. ಕಾಪಾ ಅತ್ತೆ ಅದನ್ನು ಓದಿ, “ದನಿ ಏನೋ ಇದೆ ಕಣೆ. ಉಚ್ಚೆಗೆ ಹೋಗ್ಬೇಡ ಅನ್ನೋ ದನಿ” ಅಂದಳು.

ಕಾಪಾ ಅತ್ತೆಯ ಪೂರ್ತಿ ಹೆಸರು ಕಪಿತೊಲಿನಾ. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು. ಗಿಡ್ಡ, ದಪ್ಪ, ನಾಲಿಗೆ ಚೂರಿಗಿಂತ ಹರಿತ. ರಷ್ಯನ್ ಮಾತಾಡುವ ಅವಳು ಹುಟ್ಟಿದ ದೇಶ ಒಡೆದು ಮುಳುಗಿಹೋಯಿತು. ಹೊಸ ದೇಶ ಎಸ್ಟೋನಿಯಾ ಅವಳನ್ನು ಭಾಷೆ ಪರೀಕ್ಷೆಯಲ್ಲಿ ಫೇಲು ಮಾಡಿತು. ಕೈಗೆ ಬೂದು ಬಣ್ಣದ ಪಾಸ್‌ಪೋರ್ಟ್ ಕೊಟ್ಟರು. ಯಾವ ದೇಶಕ್ಕೂ ಸೇರದವಳು ಅಂತ ಅದರ ಅರ್ಥ. ದೇಶದ ಚುನಾವಣೆಯಲ್ಲಿ ಅವಳಿಗೆ ವೋಟಿಲ್ಲ. ಊರಿನ ಚುನಾವಣೆಯಲ್ಲಿ ಮಾತ್ರ ಆಗ ಇತ್ತು. ಅವಳಿಗೆ ಇದ್ದದ್ದು ಅದೊಂದೇ ವೋಟು. ಪ್ರತಿ ಸಲವೂ ಲಿಪ್‌ಸ್ಟಿಕ್ ಹಚ್ಚಿಕೊಂಡು ಶಾಲೆಗೆ ಹೋಗಿ ಹಾಕಿಬರುತ್ತಿದ್ದಳು.

ನಾನೋ, ರಾತ್ರಿ ಅಂಗಿಯಲ್ಲೇ ಅಡುಗೆಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಹಾಕುವವಳು. ಗುರುತಿನ ಕಾರ್ಡು ಸಿಕ್ಕಿಸಬೇಕು, ಗುಟ್ಟಿನ ಅಂಕಿ ಒತ್ತಬೇಕು, ಹೆಸರು ಆರಿಸಬೇಕು, ಇನ್ನೊಂದು ಗುಟ್ಟಿನ ಅಂಕಿ ಒತ್ತಿ ಸಹಿ ಹಾಕಬೇಕು. ಆಲೂಗಡ್ಡೆ ಬೇಯುವುದರೊಳಗೆ ಮುಗಿಯುತ್ತದೆ. ಕಾಪಾ ಅತ್ತೆ ನನ್ನನ್ನು ಇದಕ್ಕೇ ಆಡಿಕೊಳ್ಳುತ್ತಿದ್ದಳು.

“ಆ ಡಬ್ಬಿ ಒಳಗೆ ಯಾರು ಕೂತವ್ರೆ ಅಂತ ನಿಂಗೊತ್ತೇನೇ?”

“ಯಾರೂ ಕೂತಿಲ್ಲ ಅತ್ತೆ. ಲೆಕ್ಕ ಕೂತಿದೆ.”

“ಲೆಕ್ಕ ಕೂತಿದ್ರೆ ಇನ್ನೂ ಭಯ. ಮನುಷ್ಯ ಆದ್ರೆ ಉಗೀಬಹುದು.”

ಇತ್ತ ತಾರ್ವೊಗೆ ಎದುರಾಗಿ ನಮ್ಮ ಮೆರಿಕೆ ನಿಂತಳು. ಡಬ್ಬಿ ಮುಚ್ಚುವ ಯಂತ್ರದವಳು. ನಲವತ್ತರ ಹೆಂಗಸು, ಬಾಯಿ ತೆರೆದರೆ ಭಾಷಣ. ಸೌನಾ ಮಾರಬಾರದು, ಅಷ್ಟೇ ಅವಳ ಮಾತು. ಕಾಪಾ ಅತ್ತೆಗೂ ಅವಳಿಗೂ ಆಗಿಬರುತ್ತಿರಲಿಲ್ಲ. ಅತ್ತೆ ಕೆಲಸದ ಹೊತ್ತಿನಲ್ಲಿ ರಷ್ಯನ್ ಹಾಡು ಹಾಡುತ್ತಾಳೆ, ಅದು ಅಪಸ್ವರ ಅಂತ ಮೆರಿಕೆ ಒಮ್ಮೆ ಎಲ್ಲರೆದುರು ಅಂದಿದ್ದಳು. ಅಂದಿನಿಂದ ಅತ್ತೆ ಅವಳನ್ನು ‘ಮಂತ್ರಿಣಿ’ ಅಂತಲೇ ಕರೆಯುತ್ತಿದ್ದಳು.

*

ಚುನಾವಣೆಯ ವಾರ ಶುರುವಾಯಿತು. ಕಂಪ್ಯೂಟರಿನಲ್ಲಿ ಶನಿವಾರ ಸಂಜೆಯ ತನಕ ಹಾಕಬಹುದು, ಭಾನುವಾರ ಶಾಲೆಯಲ್ಲಿ ಕಾಗದದ ಮೇಲೆ. ಮಂಗಳವಾರ ಮಧ್ಯಾಹ್ನ ತಾರ್ವೊ ಪಟ್ಟಿ ನಿಲ್ಲಿಸಿದ. ನಮಗೆ ಗಾಬರಿ. ಯಾರಾದರೂ ಸತ್ತರೂ ಆ ಪಟ್ಟಿ ನಿಂತದ್ದಿಲ್ಲ.

“ಹುಡುಗೀರಾ, ಎಲ್ಲರೂ ಕ್ಯಾಂಟೀನಿಗೆ ಬನ್ನಿ! ಇವತ್ತು ಡಿಜಿಟಲ್ ದಿನ! ಕಾರ್ಡು ತಗೊಂಡು ಬನ್ನಿ, ಗುಟ್ಟಿನ ಅಂಕಿ ಇರೋ ಲಕೋಟೆ ತಂದಿದ್ದೀರಿ ತಾನೆ?”

ತರಬೇಕು ಅಂತ ಹಿಂದಿನ ದಿನವೇ ಹೇಳಿದ್ದ. ಸಂಬಳದ ಹೊಸ ವ್ಯವಸ್ಥೆಗೆ ಬೇಕು ಅಂದಿದ್ದ.

ಕ್ಯಾಂಟೀನಿನಲ್ಲಿ ಕೇಕು ಇತ್ತು. ಮೇಲೆ ಕೆನೆಯಲ್ಲಿ ಬರೆದ ಕಂಪ್ಯೂಟರ್ ಚಿತ್ರ. ಕಿಟಕಿ ಪಕ್ಕ ಒಂದು ಮೇಜು, ಮೇಲೆ ಲ್ಯಾಪ್‌ಟಾಪ್, ಮುಂದೆ ಒಂದು ಕುರ್ಚಿ. ಕುರ್ಚಿಯ ಹಿಂದೆ ತಾರ್ವೊ.

“ಯಾರಿಗೂ ಬಲವಂತ ಇಲ್ಲ,” ಅಂದ. “ವಯಸ್ಸಾದವರಿಗೆ ಕಷ್ಟ ಆಗ್ಬಾರದು ಅಂತ ಒಂದು ಸಹಾಯ. ಇಲ್ಲೇ ವೋಟು ಹಾಕಿ, ಕೇಕು ತಿನ್ನಿ, ಅರ್ಧ ಗಂಟೆ ಮುಂಚೆ ಮನೆಗೆ ಹೋಗಿ. ಇದು ತಾಯಿ ಹಾಲಿದ್ದ ಹಾಗೆ, ಅಷ್ಟು ಶುದ್ಧ. ಇಡೀ ಪ್ರಪಂಚವೇ ನಮ್ಮ ದೇಶದ ಕಡೆ ನೋಡ್ತಾ ಇದೆ.”

ಪ್ರಪಂಚದ ಕಥೆ ಗೊತ್ತಿಲ್ಲ. ತಾರ್ವೊ ಅಂತೂ ನೋಡುತ್ತಾ ಇದ್ದ.

ಮೊದಲು ಲೂಲೆ ಕೂತಳು. ಅವಳು ತಾರ್ವೊನ ದೊಡ್ಡಪ್ಪನ ಮಗಳು. ಸಂತೋಷದಿಂದ ಹಾಕಿ ಕೇಕಿನ ದೊಡ್ಡ ತುಂಡು ತಗೊಂಡಳು. ಆಮೇಲೆ ನನ್ನ ಸರದಿ. ಕೂತೆ. ಕಾರ್ಡು ಸಿಕ್ಕಿಸಿದೆ. ಹೆಸರುಗಳು ಬಂದವು. ಕತ್ತಿನ ಹಿಂಭಾಗಕ್ಕೆ ಅವನ ಉಸಿರು ತಾಗುತ್ತಿತ್ತು. ಪುದೀನಾ ಮಿಠಾಯಿಯ ವಾಸನೆ. ಮೆರಿಕೆಯ ಹೆಸರು ಅವನ ಹೆಸರಿನ ಎರಡು ಸಾಲು ಕೆಳಗಿತ್ತು. ಎರಡೇ ಸಾಲು. ನನ್ನ ಬೆರಳು ಇಳಿಯಲಿಲ್ಲ. ದಿನಕ್ಕೆ ಸಾವಿರ ಮೀನಿನ ತಲೆ ಚಿವುಟುವ ಬೆರಳು ಅದು.

“ಭೇಷ್ ಏವಿ,” ಅಂದ ತಾರ್ವೊ. ತೆರೆಯ ಮೇಲೆ ಕಪ್ಪು ಬಿಳುಪಿನ ಚೌಕಾಕಾರದ ಗುರುತು ಮೂಡಿತು. ಅವನು ತನ್ನ ಫೋನು ಅದಕ್ಕೆ ಹಿಡಿದ. ನಾನು ಯಾರಿಗೆ ಹಾಕಿದೆ ಅಂತ ಅವನ ಫೋನಿನಲ್ಲಿ ಬಂತು. ವೋಟು ಸರಿಯಾಗಿ ಹೋಗಿದೆಯಾ ಅಂತ ಹಾಕಿದವಳೇ ಪರೀಕ್ಷಿಸಿಕೊಳ್ಳಲಿ, ನಂಬಿಕೆ ಬರಲಿ ಅಂತ ಮಾಡಿದ ಏರ್ಪಾಡು ಅದು. ಪರೀಕ್ಷಿಸಿದವನು ಅವನು. ನಂಬಿಕೆ ಬಂದದ್ದೂ ಅವನಿಗೇ.

ಕಾಪಾ ಅತ್ತೆಯ ಸರದಿ ಬಂತು. ಅವಳ ಕನ್ನಡಕಕ್ಕೆ ಮೀನೆಣ್ಣೆ ಮೆತ್ತಿ ಮಂಜಾಗಿತ್ತು. ಲಕೋಟೆಯೊಳಗಿನ ಅಂಕಿ ಕಾಣಲಿಲ್ಲ.

“ನಾನು ಭಾನುವಾರ ಶಾಲೆಗೆ ಹೋಗ್ತೀನಿ ಸಾಹೇಬ್ರೆ. ಅಭ್ಯಾಸ.”

“ಭಾನುವಾರ ಇಡೀ ದಿನ ಶಿಫ್ಟ್ ಇದೆ ಅತ್ತೆ. ಬೋಟು ತುಂಬಾ ಮೀನು ಬರ್ತಿದೆ. ಇಲ್ಲೇ ಹಾಕ್ಬಿಡಿ. ಕೊಡಿ ಇಲ್ಲಿ, ನಾನು ಓದ್ತೀನಿ.”

ಅವನು ಅಂಕಿಯನ್ನು ಗಟ್ಟಿಯಾಗಿ ಓದಿದ. ಇಡೀ ಕ್ಯಾಂಟೀನಿಗೆ ಕೇಳಿಸಿತು. ಅವಳ ಕೈ ಇಲಿಯ ಮೇಲಿತ್ತು. ಕಂಪ್ಯೂಟರಿನ ಇಲಿ. ತಾರ್ವೊ ಬಗ್ಗಿ ತನ್ನ ಕೈಯನ್ನು ಅವಳ ಕೈ ಮೇಲೆ ಇಟ್ಟ. ಮಗುವಿಗೆ ಅಕ್ಷರ ತಿದ್ದಿಸುವವನ ಹಾಗೆ ಅವಳ ಬೆರಳನ್ನು ಎಳೆದು, ತನ್ನ ಹೆಸರಿನ ಮೇಲೆ ತಂದು, ಒತ್ತಿದ. ಟಕ್.

ನಾವು ಕೇಕು ಜಗಿಯುವುದನ್ನು ನಿಲ್ಲಿಸಿದ್ದೆವು.

“ನೋಡಿ, ಎಷ್ಟು ಸುಲಭ!” ಅಂದ ತಾರ್ವೊ. ಅವಳ ಮುಂದೆ ಕೇಕಿನ ತಟ್ಟೆ ಇಟ್ಟ. ಕಾಪಾ ಅತ್ತೆ ಅದನ್ನು ನೋಡಿದಳು. ತಿನ್ನಲಿಲ್ಲ. ಚೆಲ್ಲಲೂ ಇಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡಳು. ತುಂಬಾ ಹೊತ್ತು ತೊಳೆದುಕೊಂಡಳು. ಮೀನು ಮುಟ್ಟಿದ ಮೇಲೂ ಅವಳು ಅಷ್ಟು ಹೊತ್ತು ತೊಳೆದದ್ದನ್ನು ನಾನು ನೋಡಿಲ್ಲ.

ಮೆರಿಕೆ ಒಬ್ಬಳು ಮಾತ್ರ ಆ ಕುರ್ಚಿಯಲ್ಲಿ ಕೂರಲಿಲ್ಲ. “ನನ್ನ ವೋಟು ನನ್ನ ಹತ್ರ ಇರ್ಲಿ ಬಿಡಿ” ಅಂದಳು. ಎದುರಾಳಿಯನ್ನು ಬಲವಂತ ಮಾಡುವಷ್ಟು ದಡ್ಡನಲ್ಲ ತಾರ್ವೊ. ಮಿಕ್ಕವರ ಕಾರ್ಡುಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡ. “ಸಂಬಳದ ವ್ಯವಸ್ಥೆಗೆ ಬೇಕು, ಶನಿವಾರ ಸಂಜೆ ವಾಪಸ್ ಕೊಡ್ತೀನಿ” ಅಂದ. ಕಂಪ್ಯೂಟರಿನ ವೋಟು ಮುಚ್ಚುವುದೂ ಶನಿವಾರ ಸಂಜೆಯೇ ಅಂತ ನಮಗೆ ಹೊಳೆದದ್ದು ಬಟ್ಟೆ ಬದಲಿಸುವ ಕೋಣೆಗೆ ಬಂದ ಮೇಲೆ.

*

“ನಾನು ಹೇಳ್ಲಿಲ್ವಾ?” ಅಂತ ಕಾಪಾ ಅತ್ತೆ ರಬ್ಬರ್ ಬೂಟನ್ನು ಗೋಡೆಗೆ ಒಗೆದಳು. “ಡಬ್ಬಿ ಒಳಗೆ ಯಾರೋ ಇರ್ತಾರೆ ಅಂತ ಹೇಳ್ಲಿಲ್ವಾ ನಾನು?”

“ಡಬ್ಬಿ ಒಳಗೆ ಯಾರೂ ಇರ್ಲಿಲ್ಲ ಅತ್ತೆ,” ಅಂದೆ. “ಕುರ್ಚಿ ಹಿಂದೆ ಇದ್ದ. ಯಂತ್ರ ಸುಳ್ಳು ಹೇಳಲ್ಲ. ಆದ್ರೆ ಅದಕ್ಕೆ ಕಣ್ಣಿಲ್ಲ. ಬೆನ್ನ ಹಿಂದೆ ಯಾರು ನಿಂತವ್ರೆ ಅಂತ ಅದಕ್ಕೆ ಕಾಣಲ್ಲ.”

“ಅದಕ್ಕೆ ಕಣ್ಣಿಲ್ಲ, ಸರಿ. ನಿಂಗಿತ್ತಲ್ಲ? ಬಾಯೂ ಇತ್ತಲ್ಲ? ಕೇಕು ತುಂಬಿಕೊಂಡಿದ್ದೆ.”

ನಿಜ. ಕೇಕು ಚೆನ್ನಾಗಿತ್ತು ಅನ್ನುವುದು ಇನ್ನೂ ಅವಮಾನದ ವಿಷಯ.

ಮೆರಿಕೆ ಬೆಂಚಿನ ಮೇಲೆ ಹತ್ತಿ ನಿಂತಳು. ಅವಳಿಗೆ ಎತ್ತರದ ಜಾಗ ಸಿಕ್ಕರೆ ಸಾಕು. “ಕೇಳ್ರಿ ಎಲ್ಲರೂ! ಏನೂ ಹಾಳಾಗಿಲ್ಲ. ಕಾನೂನು ಮಾಡಿದವರು ಇಂಥವರನ್ನ ನೋಡೇ ಮಾಡಿದಾರೆ. ಕಂಪ್ಯೂಟರಲ್ಲಿ ಎಷ್ಟು ಸಲ ಬೇಕಾದ್ರೂ ಹಾಕಬಹುದು, ಕೊನೇದು ಮಾತ್ರ ಲೆಕ್ಕ. ಅದಕ್ಕೇ ಅವನು ಕಾರ್ಡು ಇಟ್ಕೊಂಡಿರೋದು. ಭಾನುವಾರ ಶಾಲೆಗೆ ಹೋಗಿ ಕಾಗದದಲ್ಲಿ ಹಾಕಿದ್ರೆ ಕಂಪ್ಯೂಟರಿಂದು ಪೂರ್ತಿ ರದ್ದು. ಪಾಸ್‌ಪೋರ್ಟ್ ತೋರಿಸಿದ್ರೆ ಸಾಕು, ಕಾರ್ಡೇ ಬೇಕು ಅಂತಿಲ್ಲ.”

“ನನ್ನ ಬೂದು ಪಾಸ್‌ಪೋರ್ಟು?” ಕಾಪಾ ಅತ್ತೆ ಕೇಳಿದಳು.

“ಅದೂ ನಡೆಯುತ್ತೆ.”

“ಮಂತ್ರಿಣಿ ಬಾಯಲ್ಲಿ ಇದೇ ಮೊದಲ್ನೇ ಒಳ್ಳೆ ಮಾತು.”

ಪೊಲೀಸರಿಗೆ ಹೇಳೋಣ ಅಂದಳು ಒಬ್ಬಳು. ದೂರು ನಾನು ಕೊಡ್ತೀನಿ, ಆದರೆ ಅವರು ಬರೋದು ಮೀನು ಕೊಳೆತ ಮೇಲೆ ಅಂದಳು ಮೆರಿಕೆ. ಅಷ್ಟರಲ್ಲಿ ಮೂಲೆಯಿಂದ ಇನ್ನೊಬ್ಬಳು ನಿಜವಾದ ಪ್ರಶ್ನೆ ಎತ್ತಿದಳು. ಭಾನುವಾರ ಶಿಫ್ಟ್ ಇದೆ. ಶಾಲೆಯಲ್ಲಿ ವೀಕ್ಷಕ ಅಂತ ತಾರ್ವೊನ ತಮ್ಮ ಕೂತಿರುತ್ತಾನೆ. ಕಂಪ್ಯೂಟರಲ್ಲಿ ಹಾಕಿದವಳು ಮತ್ತೆ ಶಾಲೆಗೆ ಬಂದಳು ಅಂದರೆ ಏನರ್ಥ? ಕಾಗದದಲ್ಲಿ ಏನು ಬರೆದಳು ಅನ್ನೋದು ಗುಟ್ಟು. ಬಂದಳು ಅನ್ನೋದು ಗುಟ್ಟಲ್ಲ. ಸೋಮವಾರ ಅವಳ ಕೆಲಸ ಹೋಯಿತು ಅಂತಲೇ ತಿಳೀಬೇಕು.

ಒಬ್ಬಳು ಸ್ಕಾರ್ಫ್ ಕಟ್ಟಿಕೊಳ್ಳತೊಡಗಿದಳು. ನನಗೂ ಮನೆ ಸಾಲ ನೆನಪಾಯಿತು.

ಆಗ ಕಾಪಾ ಅತ್ತೆ ಬೂಟು ಹುಡುಕಿ ತಂದು ಕಾಲಿಗೆ ಏರಿಸುತ್ತಾ ಅಂದಳು:

“ಒಬ್ಬಳು ಹೋದ್ರೆ ಗುಟ್ಟು ರಟ್ಟು. ಎಲ್ಲರೂ ಹೋದ್ರೆ?”

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

“ಎಲ್ಲರೂ ಅಂದ್ರೆ ಎಲ್ಲರೂ ಕಣ್ರೇ. ತಾರ್ವೊಗೇ ಹಾಕೋಳೂ ಬರ್ಬೇಕು. ಬಂದು ಬೇಕಾದ್ರೆ ಅವನಿಗೇ ಮತ್ತೆ ಹಾಕ್ಲಿ. ಆಗ ಯಾರು ಬದಲಾಯಿಸಿದ್ರು, ಯಾರು ಇಲ್ಲ ಅಂತ ಆ ವೀಕ್ಷಕನಿಗೆ ಏನು ಗೊತ್ತಾಗುತ್ತೆ, ಅವನಜ್ಜಿ ಪಿಂಡ?”

ಎಲ್ಲರೂ ಲೂಲೆಯ ಕಡೆ ತಿರುಗಿದೆವು. ಅವಳ ತುಟಿಯಲ್ಲಿ ಇನ್ನೂ ಕೆನೆ ಇತ್ತು.

“ನಾನು ಅವನಿಗೇ ಹಾಕೋದು. ರಕ್ತ ಸಂಬಂಧ,” ಅಂದಳು.

“ಹಾಕು ತಾಯಿ. ಯಾರು ಬೇಡ ಅಂದ್ರು? ಬಂದು ಹಾಕು.”

“ಅವನಿಗೇ ಹಾಕೋದಾದ್ರೆ ಮತ್ತೆ ಯಾಕೆ ಬರ್ಬೇಕು ಅತ್ತೆ?”

ಕಾಪಾ ಅತ್ತೆ ಅವಳ ತುಟಿಯ ಕೆನೆಯನ್ನು ಹೆಬ್ಬೆರಳಿನಿಂದ ಒರೆಸಿದಳು. “ಅವತ್ತು ನಿನ್ನ ಹಿಂದೆ ಯಾರೂ ನಿಂತಿರಲ್ಲ ನೋಡು. ಅದಕ್ಕೆ.”

*

ಶನಿವಾರ ಕಾರ್ಡು ವಾಪಸ್ ಬಂತು. ಬಿಸ್ಕತ್ತಿನ ಡಬ್ಬಿಯಿಂದ ಒಂದೊಂದಾಗಿ ತೆಗೆದು, ಹುಟ್ಟುಹಬ್ಬದ ಉಡುಗೊರೆ ಕೊಡುವವನ ಹಾಗೆ ಕೊಟ್ಟ ತಾರ್ವೊ.

ಭಾನುವಾರ ಬೆಳಿಗ್ಗೆ ಪಟ್ಟಿ ಹೊರಟಿತು. ಮೀನು ನಿಜವಾಗಿಯೂ ಬೇಕಾದಷ್ಟು ಬಂದಿತ್ತು. ಬೆಳ್ಳಿಯ ಹೊಳೆ ಹರಿದ ಹಾಗೆ ಬರುತ್ತಿತ್ತು. ತಾರ್ವೊ ಗಡಿಯಾರದ ಕೆಳಗೆ ನಿಂತಿದ್ದ. ಒಬ್ಬರನ್ನೊಬ್ಬರು ನೋಡದೆ ತಲೆ ಚಿವುಟುತ್ತಿದ್ದೆವು. ಮಂಗಳವಾರ ಬಟ್ಟೆ ಕೋಣೆಯಲ್ಲಿ ಇದ್ದ ಧೈರ್ಯ ಮಂಜುನೀರಲ್ಲಿ ಕೈ ಅದ್ದಿದ ಮೇಲೆ ಎಲ್ಲೋ ಹೋಗಿತ್ತು. ಇನ್ನೊಂದು ತಟ್ಟೆ ಆಗಲಿ ಅಂತ ನಾನು, ಯಾರಾದರೂ ಮೊದಲು ಹೊರಡಲಿ ಅಂತ ಪಕ್ಕದವಳು. ಮೆರಿಕೆ ಕೂಡ ಡಬ್ಬಿ ಮುಚ್ಚುತ್ತಲೇ ಇದ್ದಳು. ಭಾಷಣ ಮಾಡುವುದು ಬೇರೆ, ಪಟ್ಟಿ ಬಿಟ್ಟು ಬರುವುದು ಬೇರೆ.

ಕಾಪಾ ಅತ್ತೆ ಕೈ ಎತ್ತಿದಳು.

ತಾರ್ವೊ ಗಡಿಯಾರ ನೋಡಿದ. “ಈಗ ತಾನೇ ಶುರುವಾಗಿದೆ. ಸ್ವಲ್ಪ ತಡ್ಕೊಳ್ಳಿ.”

“ಉಚ್ಚೆಗಲ್ಲ ಮಗಾ. ವೋಟಿಗೆ.”

ಅವನನ್ನು ‘ಸಾಹೇಬ್ರೆ’ ಅನ್ನುತ್ತಿದ್ದವಳು ‘ಮಗಾ’ ಅಂದದ್ದು ಎಲ್ಲರಿಗೂ ಕೇಳಿಸಿತು. ಅವನು ಹದಿನೆಂಟರ ಹುಡುಗನಾಗಿ ಫ್ಯಾಕ್ಟರಿಗೆ ಸೇರಿದಾಗ ಮೀನಿನ ಕರುಳು ಹೇಗೆ ಎಳೆಯಬೇಕು ಅಂತ ತೋರಿಸಿಕೊಟ್ಟವಳು ಅವಳೇ.

“ನಿಮ್ಮ ವೋಟು ಆಯ್ತಲ್ಲ ಅತ್ತೆ.”

“ಅದು ನಿನ್ನ ಬೆರಳು ಹಾಕಿದ್ದು. ನನ್ನ ಬೆರಳು ಇನ್ನೂ ಹಾಕಿಲ್ಲ.”

“ಪಟ್ಟಿ ಬಿಟ್ಟು ಹೋದ್ರೆ ನಾಳೆ ಬರ್ಬೇಕಾಗಿಲ್ಲ. ಹೇಳಿದೀನಿ.”

ಕಾಪಾ ಅತ್ತೆ ಕೈಗವಸು ತೆಗೆದಳು. ಒಂದು, ಆಮೇಲೆ ಇನ್ನೊಂದು. ಅವಳ ಬೆರಳುಗಳು ಬಿಳಿಚಿ, ನೆನೆದು, ಸುಕ್ಕುಗಟ್ಟಿದ್ದವು. ಗವಸುಗಳನ್ನು ಪಟ್ಟಿಯ ಮೇಲೆ ಇಟ್ಟಳು. ಅವು ಮೀನಿನ ಜೊತೆ ತೇಲಿಕೊಂಡು ಹೋದವು. ಅವಳು ಬಾಗಿಲ ಕಡೆ ನಡೆದಳು. ಬಿಳಿ ಟೋಪಿ, ರಬ್ಬರ್ ಏಪ್ರನ್, ರಬ್ಬರ್ ಬೂಟು. ಬೂಟು ಒದ್ದೆ ನೆಲದ ಮೇಲೆ ಪಚಕ್ ಪಚಕ್ ಅನ್ನುತ್ತಿತ್ತು.

ಆ ಸದ್ದು ಬಾಗಿಲು ಮುಟ್ಟುವ ಮೊದಲೇ ಯಾರೋ ಕೆಂಪು ಗುಂಡಿ ಒತ್ತಿ ಪಟ್ಟಿ ನಿಲ್ಲಿಸಿದರು. ಅದು ಲೂಲೆ. ಆಮೇಲೆ ಕೇಳಿದರೆ, “ಮೀನು ಕೆಳಗೆ ಬಿದ್ದು ಹಾಳಾಗ್ತಿತ್ತಲ್ಲ” ಅಂದಳು. ಅದೇ ಕಾರಣ ಅಂತಲೇ ಇಟ್ಟುಕೊಳ್ಳೋಣ.

ನಾವೆಲ್ಲ ಹೊರಟೆವು. ಬಟ್ಟೆ ಬದಲಿಸಲಿಲ್ಲ; ಕಾರ್ಡು, ಪಾಸ್‌ಪೋರ್ಟು ಬೆಳಿಗ್ಗೆಯೇ ಏಪ್ರನ್ ಜೇಬು ಸೇರಿದ್ದವು. ಬದಲಿಸಲು ನಿಂತರೆ ಧೈರ್ಯವನ್ನೂ ಕಳಚಿ ಗೂಟಕ್ಕೆ ನೇತುಹಾಕಿಬಿಡುತ್ತೇವೆ ಅಂತ ಭಯ. ಬಂದರಿನ ಗಾಳಿಯಲ್ಲಿ ಏಪ್ರನ್ನುಗಳು ಪಟಪಟ ಅನ್ನುತ್ತಿದ್ದವು. ಊರಿನವರು ಬೆಳಗಿನ ಕಾಫಿ ಹಿಡಿದು ಕಿಟಕಿಗೆ ಬಂದರು. ಎದುರಿನಿಂದ ಬಂದ ಬಸ್ಸು ತಾನಾಗಿ ನಿಂತಿತು. ಚಾಲಕ ಬಾಗಿಲು ತೆರೆದು, “ಹತ್ತಿ” ಅಂದ.

“ಬೇಡಪ್ಪ,” ಅಂದಳು ಕಾಪಾ ಅತ್ತೆ. “ಇವತ್ತು ನಮ್ಮ ವಾಸನೆಗೆ ಕಿಟಕಿ ಸಾಲಲ್ಲ, ಬಾಗಿಲೂ ತೆರೀಬೇಕಾಗುತ್ತೆ. ನಿನ್ನ ಪ್ರಯಾಣಿಕರು ಪಾಪ ಹೆಪ್ಪುಗಟ್ಟಿ ಹೋಗ್ತಾರೆ.”

ಶಾಲೆಯ ಆಟದ ಹಾಲ್‌ನಲ್ಲಿ ಮತಗಟ್ಟೆ. ಮೇಜಿನ ಹಿಂದೆ ಸಂಗೀತದ ಟೀಚರು ಕೂತಿದ್ದರು. ನಾವು ಒಳಗೆ ಬಂದಾಗ ಅವರ ಮೂಗು ಮೊದಲು ಎದ್ದಿತು, ಆಮೇಲೆ ತಲೆ. ಗೋಡೆ ಬದಿಯ ಕುರ್ಚಿಯಲ್ಲಿ ತಾರ್ವೊನ ತಮ್ಮ ಫೋನು ಕಿವಿಗೆ ಒತ್ತಿಕೊಂಡಿದ್ದ. ಅಣ್ಣನೇ ಇರಬೇಕು ಆ ಕಡೆ. “ಎಲ್ಲರೂ,” ಅನ್ನುತ್ತಿದ್ದ. “ಇಲ್ಲ ಅಣ್ಣ, ಎಲ್ಲರೂ. ಲೂಲೆನೂ. ಏನಂತ ಬರ್ಕೊಳ್ಳಲಿ? ಎಲ್ಲರೂ ಬಂದವ್ರೆ!”

ಟೀಚರು ಕಾಪಾ ಅತ್ತೆಯ ಬೂದು ಪಾಸ್‌ಪೋರ್ಟ್ ತಿರುವಿದರು. ಅತ್ತೆ ಮೇಜಿನಂಚು ಹಿಡಿದುಕೊಂಡಳು. ಈ ಪುಸ್ತಕವನ್ನು ಯಾರು ತಿರುವಿದರೂ ಅವಳಿಗೆ ಹಾಗೇ.

“ಇಂಟರ್ನೆಟ್‌ನಲ್ಲಿ ಹಾಕಿದ್ರೂ ಪರವಾಗಿಲ್ಲಮ್ಮ,” ಟೀಚರು ಮೆಲ್ಲಗೆ ಅಂದರು. “ಇಲ್ಲಿ ಹಾಕಿದ್ರೆ ಇದೇ ಉಳಿಯೋದು. ಅದು ಹೋಗುತ್ತೆ.”

“ಪೂರ್ತಿ ಹೋಗುತ್ತಾ?”

“ಪೂರ್ತಿ.”

“ಅವನ ಕೈಯಿಟ್ಟಿದ್ದೂ?”

ಟೀಚರಿಗೆ ಅರ್ಥವಾಗಲಿಲ್ಲ. ಅಥವಾ ಆಯಿತೋ ಏನೋ, ಕಾಗದ ಕೊಡುವಾಗ ತಾವೇ ಎದ್ದು ನಿಂತರು.

ಮರೆಯ ಹಿಂದೆ ಹೋದ ಕಾಪಾ ಅತ್ತೆ ಬೇಗ ಬರಲಿಲ್ಲ. ಪರದೆಯ ಕೆಳಗೆ ಅವಳ ಬೂಟು ಕಾಣುತ್ತಿತ್ತು. ಅಭ್ಯರ್ಥಿಯ ಒಂದು ನಂಬರು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಸಾಲು ಬಾಗಿಲಾಚೆ ಬೆಳೆಯಿತು.

“ಅತ್ತೆ, ಆಯ್ತಾ?” ಮೆರಿಕೆ ಕೂಗಿದಳು.

“ಇರೇ ಮಂತ್ರಿಣಿ! ಜೀವಮಾನದಲ್ಲಿ ನಂಗೆ ಅಂತ ಒಂದು ಕೋಣೆ ಸಿಕ್ಕಿದೆ. ಸ್ವಲ್ಪ ಹೊತ್ತು ಇರ್ತೀನಿ.”

ಟೀಚರು ನಕ್ಕರು. ವೀಕ್ಷಕ ತಮ್ಮನೂ ನಕ್ಕ, ಆಮೇಲೆ ಫೋನಿಗೆ “ಏನಿಲ್ಲ ಅಣ್ಣ” ಅಂದ.

ನನ್ನ ಸರದಿ ಬಂದಾಗ ನಾನೂ ಆ ಮರೆಯ ಹಿಂದೆ ನಿಂತೆ. ರಟ್ಟಿನ ಗೋಡೆ, ದಾರ ಕಟ್ಟಿದ ಪೆನ್ನು. ಏನೂ ಇಲ್ಲ ಅಲ್ಲಿ. ಅಭ್ಯಾಸಬಲದಿಂದ ಒಮ್ಮೆ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನನ್ನ ಅಡುಗೆಮನೆ ಎಷ್ಟು ಒಳ್ಳೆಯ ಜಾಗ ಅಂತ ಆಗ ತಿಳಿಯಿತು. ಅಡುಗೆಮನೆ ಇದ್ದು, ಅದರಲ್ಲಿ ಒಬ್ಬಳೇ ಕೂರುವ ಭಾಗ್ಯ ಇಲ್ಲದವರು ಎಷ್ಟು ಜನ ಅಂತಲೂ. ಗಂಡ, ಮಗ, ಸಾಲ ಕೊಟ್ಟವನು, ಕೆಲಸ ಕೊಟ್ಟವನು, ಯಾರು ಬೇಕಾದರೂ ಕುರ್ಚಿಯ ಹಿಂದೆ ನಿಲ್ಲಬಹುದು. ನಂಬರು ಬರೆದೆ. ಮಡಚಿ ಪೆಟ್ಟಿಗೆಗೆ ಹಾಕಿದೆ.

*

ಸೋಮವಾರ ಬೆಳಿಗ್ಗೆ ತಾರ್ವೊ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. ಕಣ್ಣು ಕೆಂಪಾಗಿತ್ತು. ಫಲಿತಾಂಶ ಬಂದಿತ್ತು. ಅವನು ಸೋತಿದ್ದ. ಬರೀ ಸೋತಿರಲಿಲ್ಲ, ಕರುಳು ತೆಗೆದ ಮೀನಿನ ಹಾಗೆ ಸೋತಿದ್ದ. ಮೆರಿಕೆ ಗೆದ್ದಿದ್ದಳು.

“ಯಾರಿಗೆ ಹಾಕಿದೆ?” ಅಂತ ಮೊದಲನೆಯವಳನ್ನು ಕೇಳಿದ.

“ನಿಮಗೇ ಸಾರ್.”

“ನೀನು?”

“ನಿಮಗೇ.”

“ನೀನು ಏವಿ?”

“ಅಯ್ಯೋ, ನಿಮ್ಮನ್ನ ಬಿಟ್ಟು ಇನ್ಯಾರಿಗೆ ಸಾರ್? ಎರಡು ಸಲ ಹಾಕಿದೀನಿ.”

ಮೆರಿಕೆಯನ್ನು ಕೇಳದೆ ದಾಟಿದ; ಮಿಕ್ಕಂತೆ ಸಾಲಿನ ಕೊನೆಯ ತನಕ ಅದೇ ಉತ್ತರ. ಮುಖ ಗಂಭೀರ, ಕಣ್ಣು ನೆಲದ ಮೇಲೆ. ಅವನಿಗೆ ಬೆವರು ಬಂತು.

“ನೀವೆಲ್ಲ ನನಗೇ ಹಾಕಿದ್ರೆ ನನಗೆ ಇಷ್ಟೇ ಯಾಕೆ ಬಿತ್ತು?”

ಲೂಲೆ ನಿಟ್ಟುಸಿರು ಬಿಟ್ಟಳು. “ಯಂತ್ರದಲ್ಲೇ ಏನೋ ಐಬು ಇರ್ಬೇಕು ಅಣ್ಣ. ನಂಬೋಕಾಗಲ್ಲ ಇವನ್ನೆಲ್ಲ. ತಾಯಿ ಹಾಲಿಗೂ ಈಗ ನೀರು ಬೆರೆಸ್ತಾರೆ.”

ಆಗ ತಡೆಯಲಾಗಲಿಲ್ಲ. ಯಾರು ಮೊದಲು ಕಿಸಕ್ ಅಂದರೋ, ಇಡೀ ಸಾಲು ಏಪ್ರನ್ ಬಾಯಿಗೆ ತುರುಕಿಕೊಂಡು ನಕ್ಕಿತು. ತಾರ್ವೊ ಪಟ್ಟಿ ಚಾಲೂ ಮಾಡಿದ. ಇನ್ನೇನು ಮಾಡುತ್ತಾನೆ? ಬೋಟಿನಲ್ಲಿ ಮೀನು ಕಾಯುತ್ತಿತ್ತು. ಎಲ್ಲರನ್ನೂ ತೆಗೆದರೆ ತಲೆ ಚಿವುಟುವವರು ಯಾರು?

ಆದರೆ ಒಬ್ಬಳನ್ನು ತೆಗೆದ. ಆ ಸಾಲಿನಲ್ಲಿ ಕಾಪಾ ಅತ್ತೆ ಇರಲಿಲ್ಲ. ಗೇಟಿನಲ್ಲೇ ಅವಳ ಪ್ರವೇಶದ ಬಿಲ್ಲೆ ಕಿತ್ತುಕೊಂಡಿದ್ದರು. ಮೊದಲು ಪಟ್ಟಿ ಬಿಟ್ಟವಳು ಅವಳು, ಕೈ ಎತ್ತಿದವಳು ಅವಳು. ಅದಕ್ಕೆ ಸಾಕ್ಷಿ ಇತ್ತು. ಕ್ಯಾಂಟೀನಿನಲ್ಲಿ ಅವಳ ಬೆರಳು ಹಿಡಿದು ಒತ್ತಿದ್ದಕ್ಕೆ ಸಾಕ್ಷಿ ಇದೆಯಾ ಅಂತ ಆಮೇಲೆ ವಿಚಾರಣೆಗೆ ಬಂದ ಅಧಿಕಾರಿ ಕೇಳಿದ. ನಾವೆಲ್ಲ ಇದ್ದೆವು, ನೋಡಿದೆವು, ಅಂದೆವು. ಬರೆದುಕೊಂಡ. ಇನ್ನೂ ಬರೆದುಕೊಳ್ಳುತ್ತಲೇ ಇರಬೇಕು. ಅವಳನ್ನು ವಾಪಸ್ ತಗೊಳ್ಳಿ ಅಂತ ಒಂದು ಮಧ್ಯಾಹ್ನ ನಾವು ಪಟ್ಟಿ ಮುಟ್ಟಲಿಲ್ಲ. ಆ ಮಧ್ಯಾಹ್ನದ ಕೂಲಿ ಹೋಯಿತು, ಅವಳು ಬರಲಿಲ್ಲ. ತಾರ್ವೊ ಇನ್ನೂ ಗಡಿಯಾರದ ಕೆಳಗೆ ನಿಂತಿದ್ದಾನೆ. ನಾವು ಇನ್ನೂ ಕೈ ಎತ್ತುತ್ತೇವೆ. ಈಗೀಗ ಅವನು ಗಡಿಯಾರ ನೋಡದೆ ತಲೆಯಾಡಿಸುತ್ತಾನೆ. ಎತ್ತಿದ ಕೈ ಕಂಡರೆ ಅವನಿಗೆ ಒಂಥರಾ ಆಗುತ್ತದೆ.

ಸೌನಾ ಮಾರಲಿಲ್ಲ. ಮೆರಿಕೆ ಪುರಸಭೆಯಲ್ಲಿ ಅಷ್ಟು ಹೊತ್ತು ಮಾತಾಡಿದಳಂತೆ, ಅವಳು ಕೂರಲಿ ಅಂತಲೇ ಕೆಲವರು ಒಪ್ಪಿದರಂತೆ. ಸದ್ಯಕ್ಕೆ ಒಂದು ವರ್ಷ ಬಿಟ್ಟಿದ್ದಾರೆ, ಆಮೇಲೆ ನೋಡೋಣ ಅಂದಿದ್ದಾರೆ. ಒಲೆ ಉರಿಸಲು ಒಬ್ಬರು ಬೇಕಾಗಿತ್ತು. ಕಾಪಾ ಅತ್ತೆ ಅರ್ಧ ಸಂಬಳಕ್ಕೆ ಸೇರಿದಳು.

ಮೊದಲ ಹಿಮ ಬಿದ್ದ ಶನಿವಾರ ನಾವೆಲ್ಲ ಒಳಗೆ ಕೂತಿದ್ದೆವು. ಬೆತ್ತಲೆ ಮೈ, ಬರ್ಚ್ ಎಲೆ ಅಂಟಿದ ಬೆನ್ನು, ಕೆಂಪೇರಿದ ಮುಖ. ಮೇಲಿನ ಮೆಟ್ಟಿಲಿನಲ್ಲಿ ಕಾಪಾ ಅತ್ತೆ ಸೌಟು ಹಿಡಿದು ರಾಣಿಯ ಹಾಗೆ ಕೂತಿದ್ದಳು. ಪಕ್ಕದಲ್ಲಿ ಮೆರಿಕೆ. ಗೆದ್ದ ಮೇಲೆ ಅವಳ ಮೈ ಸ್ವಲ್ಪ ತುಂಬಿಕೊಂಡಿತ್ತು. ತಡೆದೂ ತಡೆದೂ ಕೊನೆಗೆ ಕೇಳಿಯೇಬಿಟ್ಟಳು.

“ಅತ್ತೆ, ಈಗಾದ್ರೂ ಹೇಳಿ. ನಂಗೇ ತಾನೆ ಹಾಕಿದ್ದು?”

ಅತ್ತೆ ತೋಳಿಗೆ ಅಂಟಿದ ಎಲೆಯೊಂದನ್ನು ಕಿತ್ತಳು.

“ಇಲ್ಲಿ ಇರೋರೆಲ್ಲ ನಮ್ಮೋರೇ ಅಲ್ವಾ? ಯಾರಿಗೆ ಹೆದರ್ಬೇಕು? ಸುಮ್ನೆ ನನ್ನ ಸಮಾಧಾನಕ್ಕೆ.”

ನಾನೂ ಕಿವಿ ನಿಮಿರಿಸಿದೆ. ಸುಳ್ಳೇಕೆ, ನನಗೂ ತಿಳಿಯುವ ಆಸೆ ಇತ್ತು. ಲೂಲೆ ಸೊಪ್ಪಿನ ಕಟ್ಟು ಕೆಳಗಿಟ್ಟಳು.

ಕಾಪಾ ಅತ್ತೆ ಬಕೆಟ್ಟಿನಿಂದ ಒಂದು ಸೌಟು ನೀರು ತೆಗೆದು ಕಲ್ಲಿಗೆ ಎರಚಿದಳು. ಚುಂಯ್ ಅಂತ ಹಬೆ ಎದ್ದು ಎಲ್ಲರನ್ನೂ ಮುಚ್ಚಿತು. ಯಾರ ಮುಖವೂ ಕಾಣಲಿಲ್ಲ. ಬಿಸಿಗೆ ಕಿವಿ ಸುಟ್ಟಿತು. ಆ ಬಿಳಿ ಹಬೆಯೊಳಗಿಂದ ಅವಳ ದನಿ ಬಂತು.

“ಕೆಲಸ ಕಳ್ಕೊಂಡು ಉಳಿಸ್ಕೊಂಡಿದ್ದು ಆ ಗುಟ್ಟೊಂದೇ ಕಣೇ ನನ್ನ ಹತ್ರ. ಅದನ್ನ ನಿಂಗೆ ಪುಕ್ಕಟೆ ಕೊಟ್ಬಿಡ್ಲಾ?”

ಮೆರಿಕೆ ಬಾಯಿ ತೆರೆದಳು. ಬಹುಶಃ ಭಾಷಣಕ್ಕೇ ಇರಬೇಕು. ಅತ್ತೆ ಇನ್ನೊಂದು ಸೌಟು ಎತ್ತಿದಳು. ಮೆರಿಕೆ ಬಾಯಿ ಮುಚ್ಚಿಕೊಂಡು, ಕುಂಡೆ ಸುಟ್ಟವಳ ಹಾಗೆ ಕೆಳಗಿನ ಮೆಟ್ಟಿಲಿಗೆ ಇಳಿದು ನಮ್ಮ ಮಧ್ಯೆ ಕೂತಳು.